ಗೀಸರ್ ಬದಲಾವಣೆ: ಸ್ವಂತ ಕೈಯೋ, ಪ್ಲಂಬರೋ?

ಗೀಸರಿನಲ್ಲಿ ನೀರು ಕಾಯದಿದ್ದರೆ ಎಲಿಮೆಂಟ್ ಅಥವಾ ಥರ್ಮೋಸ್ಟಾಟ್ ಬದಲಿಸಿದರೆ ಸಾಕಾಗಬಹುದು. ಒಳಟ್ಯಾಂಕೇ ತೂತಾಗಿ ಸೋರಿದರೆ ಮಾತ್ರ ಹೊಸ ಗೀಸರ್ ಅನಿವಾರ್ಯ. ಬೋರ್‌ವೆಲ್ ನೀರಿನ ಗಡಸುತನ ಟ್ಯಾಂಕ್ ತೂತಾಗುವ ದಿನವನ್ನು ಬೇಗ ತರುತ್ತದೆ.

ಹಳೆಯ ಜಾಗಕ್ಕೆ ಅದೇ ಅಳತೆಯದು ಬರುವುದಾದರೆ ಪೈಪ್ ಕೆಲಸ ಕಷ್ಟವೇನಲ್ಲ. ಎಂಸಿಬಿ ಆರಿಸಿ, ನೀರು ನಿಲ್ಲಿಸಿ, ಟ್ಯಾಂಕ್ ಬರಿದು ಮಾಡಿದ ಮೇಲೆ ಪೈಪುಗಳನ್ನು ಬಿಚ್ಚುವುದು, ಅಷ್ಟೇ. ಆದರೆ 15 ಲೀಟರ್ ಗೀಸರಿನಲ್ಲಿ ನೀರಿನ ಭಾರವೇ 15 ಕಿಲೋ. ಅದನ್ನು ಹೊರಲು ಗೋಡೆಯೂ ಬೋಲ್ಟೂ ಗಟ್ಟಿಯಿರಬೇಕು.

ನಿಜವಾದ ಅಪಾಯ ಕರೆಂಟಿನದು. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ ಇದನ್ನು ತಾಳದು, 16 ಆಂಪಿಯರಿನದೇ ಬೇಕು. ಅರ್ಥಿಂಗ್ ಸರಿಯಿಲ್ಲದ ಗೀಸರ್ ಒದ್ದೆ ಬಚ್ಚಲಲ್ಲಿ ಜೀವಕ್ಕೇ ಕುತ್ತು; ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ ರಕ್ಷಣೆ ಹೆಚ್ಚು. ಈ ಭಾಗ ಮನೆಯವರದೂ ಅಲ್ಲ, ಪ್ಲಂಬರನದೂ ಅಲ್ಲ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನದು.

ಒತ್ತಡ ಹೆಚ್ಚಿದಾಗ ನೀರು ಹೊರಬಿಡುವ ಸೇಫ್ಟಿ ವಾಲ್ವಿನ ಬಾಯಿಯನ್ನು ಎಂದೂ ಮುಚ್ಚಬಾರದು. ಬಿಸಿನೀರಿನ ನಲ್ಲಿಯಲ್ಲಿ ನೀರು ಒಂದೇ ಸಮನೆ ಬಂದ ಮೇಲೆಯೇ ಸ್ವಿಚ್ ಹಾಕಬೇಕು. ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಸುಟ್ಟುಹೋಗುತ್ತದೆ.