ಶಿವಮೊಗ್ಗ, ಬೆಂಕಿಪುರ: ಸ್ಥಳನಾಮ ನಿಷ್ಪತ್ತಿಯ ಕೆಲವು ಸಮಸ್ಯೆಗಳು

ಊರಿನ ಹೆಸರಿಗೆ ಅರ್ಥ ಹೇಳುವುದು ಬೇರೆ, ಆ ಹೆಸರಿನ ನಿಷ್ಪತ್ತಿಯನ್ನು ಸಾಧಿಸುವುದು ಬೇರೆ. ಮೊದಲನೆಯದಕ್ಕೆ ಒಂದು ಐತಿಹ್ಯ ಸಾಕು. ಎರಡನೆಯದಕ್ಕೆ ಕಾಲ ತಿಳಿದ ಲಿಖಿತ ರೂಪ, ಧ್ವನಿಪರಿವರ್ತನೆಯ ನಿಯಮ ಹಾಗೂ ಸ್ಥಳದ ಭೌಗೋಳಿಕ ಲಕ್ಷಣಗಳ ಪರಸ್ಪರ ಸಮ್ಮತಿ ಬೇಕು. ತುಂಗೆಯ ದಡದ ಶಿವಮೊಗ್ಗ ಮತ್ತು ಭದ್ರೆಯ ದಡದ ಭದ್ರಾವತಿಯ ಹಿಂದಿನ ಹೆಸರಾದ ಬೆಂಕಿಪುರ, ಈ ಎರಡರ ಪರಿಶೀಲನೆಯಿಂದ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಶಿವಮೊಗ್ಗಕ್ಕೆ ಮುಖ್ಯವಾಗಿ ಮೂರು ವಿವರಣೆಗಳಿವೆ. ‘ಶಿವಮುಖ’ ಎಂಬುದು ಒಂದು. ದೂರ್ವಾಸ ಮುನಿಯು ಮಡಕೆಯಲ್ಲಿ ಬೇಯಿಸುತ್ತಿದ್ದ ಪಾಕವನ್ನು ದನಗಾಹಿಗಳು ಸವಿದು ‘ಸಿಹಿ ಮೊಗೆ’ ಎಂದರೆಂಬ ಐತಿಹ್ಯ ಇನ್ನೊಂದು. ‘ಶಿವನ ಮೊಗ್ಗೆ’ ಎಂಬುದು ಮೂರನೆಯದು.

ಇವುಗಳಲ್ಲಿ ಪ್ರತಿಯೊಂದೂ ಹೆಸರಿನ ಒಂದು ಭಾಗವನ್ನು ವಿವರಿಸಿ ಇನ್ನೊಂದನ್ನು ಬಿಟ್ಟುಬಿಡುತ್ತದೆ. ‘ಮುಖ’ವು ‘ಮೊಗ’ವಾಗುವುದು ಕನ್ನಡದಲ್ಲಿ ಸಹಜ. ಆದರೆ ಆ ಮಾರ್ಗದಲ್ಲಿ ‘ಗ್ಗ’ ಎಂಬ ದ್ವಿತ್ವಕ್ಕೆ ಕಾರಣ ಸಿಗುವುದಿಲ್ಲ. ಮಣ್ಣಿನ ಸಣ್ಣ ಪಾತ್ರೆ ಎಂಬ ಅರ್ಥದ ‘ಮೊಗೆ’ ಅಚ್ಚಕನ್ನಡದ ಶಬ್ದ. ‘ಸೀ’ ಎಂಬುದಕ್ಕೆ ಸಿಹಿ ಎಂಬ ಅರ್ಥವೂ ಹಳೆಯದು. ಹೀಗಾಗಿ ಬಳಕೆಯ ‘ಶಿಮೊಗ್ಗ’ ರೂಪಕ್ಕೆ ಈ ವಿವರಣೆ ಹತ್ತಿರವಾದರೂ ದ್ವಿತ್ವದ ಪ್ರಶ್ನೆ ಇಲ್ಲಿಯೂ ಉಳಿಯುತ್ತದೆ. ‘ಮೊಗ್ಗೆ’ಯಲ್ಲಿ ದ್ವಿತ್ವವೇನೋ ಇದೆ, ಆದರೆ ಶಿವನಿಗೂ ಮೊಗ್ಗಿಗೂ ಸಂಬಂಧ ಕಲ್ಪಿಸಲು ಪ್ರತ್ಯೇಕ ಕಥೆಯೇ ಬೇಕಾಗುತ್ತದೆ.

ಮೂಲ ಸಮಸ್ಯೆ ಪರಿವರ್ತನೆಯ ದಿಕ್ಕಿನದು. ‘ಶಿವ’ ಎಂಬುದು ಆಡುಮಾತಿನಲ್ಲಿ ಸವೆದು ‘ಶಿ’ ಆಯಿತೋ, ಅಥವಾ ‘ಸೀ’ ಎಂಬ ದೇಶ್ಯ ಪದವನ್ನು ಬರೆಹಗಾರರು ‘ಶಿವ’ ಎಂದು ಸಂಸ್ಕೃತೀಕರಿಸಿದರೋ? ಎರಡೂ ಬಗೆಯ ಪರಿವರ್ತನೆಗಳು ಸಾಧ್ಯ. ಅರ್ಥದ ಸೊಗಸಿನಿಂದ ಇದು ತೀರ್ಮಾನವಾಗದು. ಕಾಲಾನುಕ್ರಮದಲ್ಲಿ ಜೋಡಿಸಿದ ಶಾಸನ, ಕಡತ, ಕೈಫಿಯತ್ತುಗಳ ರೂಪಗಳೇ ಇದಕ್ಕೆ ಪ್ರಮಾಣ.

ಬೆಂಕಿಪುರದ ಸಂದರ್ಭದಲ್ಲಿ ಕಾಲಪ್ರಮಾಣ ನೇರವಾಗಿ ನೆರವಾಗುತ್ತದೆ. ಉಕ್ಕಿನ ಕಾರ್ಖಾನೆಯ ಕುಲುಮೆಯಿಂದ ಈ ಹೆಸರು ಬಂದಿರಬಹುದೆಂಬ ಊಹೆ ಸುಲಭ. ಆದರೆ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಊರಿನ ಹೆಸರು ಅದಕ್ಕಿಂತ ಹಿಂದಿನದು. ಆದ್ದರಿಂದ ಈ ಊಹೆ ನಿಲ್ಲುವುದಿಲ್ಲ. ವಂಕಿ ಮಹರ್ಷಿಯ ಹೆಸರಿನ ‘ವಂಕಿಪುರ’ವೇ ಬೆಂಕಿಪುರವಾಯಿತೆಂಬುದು ಸ್ಥಳೀಯ ಐತಿಹ್ಯ. ವನ–ಬನ, ವರ್ಣ–ಬಣ್ಣಗಳಂತೆ ವಕಾರ ಬಕಾರವಾಗುವುದು ನಿಯಮಬದ್ಧ. ಅಕಾರ ಎಕಾರವಾದುದನ್ನು ಈ ನಿಯಮ ವಿವರಿಸದು. ಅರ್ಥ ಮಸುಕಾದ ‘ವಂಕಿ’ಯನ್ನು ಜನರು ಪರಿಚಿತ ‘ಬೆಂಕಿ’ಗೆ ಹೊಂದಿಸಿಕೊಂಡಿರಬಹುದೆಂದು ಭಾವಿಸಿದರೆ ಮಾತ್ರ ಅದು ಹೊಂದುತ್ತದೆ. ಅಂದರೆ ಜನಪದ ನಿಷ್ಪತ್ತಿ ಹೆಸರಿಗೆ ಅರ್ಥ ಹೇಳುವುದಷ್ಟೇ ಅಲ್ಲ, ಹೆಸರಿನ ರೂಪವನ್ನೂ ಬದಲಿಸಬಲ್ಲದು.

ಇಂಥ ಅನಿಶ್ಚಿತತೆ ಕನ್ನಡಕ್ಕೆ ಸೀಮಿತವಲ್ಲ. ಹೀಬ್ರೂ ಬೈಬಲಿನಲ್ಲಿ ಸೊಲೊಮೋನನಿಗೆ ಚಿನ್ನ ಒದಗಿಸುವ ‘ಓಫೀರ್’ ಎಂಬ ಪರದೇಶದ ನೆಲೆಯನ್ನು ವಿದ್ವಾಂಸರು ಅರೇಬಿಯ, ಪೂರ್ವ ಆಫ್ರಿಕ, ಭಾರತಗಳಲ್ಲಿ ಹುಡುಕಿದ್ದಾರೆ. ಗ್ರೀಕ್ ಅನುವಾದದಲ್ಲಿ ಹೆಸರು ಸಕಾರದಿಂದ ಆರಂಭವಾಗುವುದರಿಂದ ಪಶ್ಚಿಮ ಕರಾವಳಿಯ ಸೋಪಾರವನ್ನು ಸೂಚಿಸಿದವರಿದ್ದಾರೆ. ಆ ಸಕಾರ ಹೀಬ್ರೂ ರೂಪದಲ್ಲಿಲ್ಲ. ನವಿಲು ಎಂದು ಅರ್ಥೈಸಲಾದ ಹೀಬ್ರೂವಿನ ‘ತುಕ್ಕಿ’ಯನ್ನು ತಮಿಳಿನ ‘ತೋಕೈ’ಗೆ ಹೋಲಿಸುವ ವಾದವೂ ಪ್ರಸಿದ್ಧ, ಕನ್ನಡದ ‘ತೋಕೆ’ ಇದರ ಜ್ಞಾತಿಪದ. ಆದರೆ ಮೂಲಪಾಠದಲ್ಲಿ ‘ತುಕ್ಕಿ’ಗಳು ಬರುವುದು ತರ್ಷೀಷ್ ಹಡಗುಗಳ ಪ್ರಸಂಗದಲ್ಲಿ, ಅಲ್ಲಿ ಓಫೀರಿನ ಹೆಸರಿಲ್ಲ. ಧ್ವನಿಸಾಮ್ಯ ಎಷ್ಟೇ ಆಕರ್ಷಕವಾಗಿದ್ದರೂ ಪಾಠದ ಪರಿಶೀಲನೆಯಿಲ್ಲದೆ ಅದು ಪ್ರಮಾಣವಾಗದು.

2014ರ ನವೆಂಬರ್ 1ರಂದು ‘ಶಿಮೊಗ’ ಎಂಬ ಇಂಗ್ಲಿಷ್ ಬಳಕೆಯ ರೂಪ ಅಧಿಕೃತವಾಗಿ ‘ಶಿವಮೊಗ್ಗ’ವಾಯಿತು. ಆಡಳಿತಕ್ಕೆ ಒಂದು ಸ್ಥಿರರೂಪ ಅಗತ್ಯ. ಆದರೆ ಆ ರೂಪವನ್ನೇ ‘ಶಿವಮುಖ’ ನಿಷ್ಪತ್ತಿಗೆ ಸಾಕ್ಷ್ಯವಾಗಿ ಉಲ್ಲೇಖಿಸಿದರೆ ಪ್ರಶ್ನೆಯನ್ನೇ ಉತ್ತರವೆಂದು ಒಪ್ಪಿದಂತಾಗುತ್ತದೆ. ಬಳಕೆಯಿಂದ ಮರೆಯಾಗುತ್ತಿರುವ ಸೀಮೊಗೆ, ಶಿಮೊಗ್ಗೆಗಳಂಥ ರೂಪಾಂತರಗಳನ್ನೂ ಬೆಂಕಿಪುರದಂಥ ಪೂರ್ವನಾಮಗಳನ್ನೂ ವಯೋವೃದ್ಧರ ಉಚ್ಚಾರಣೆ ಸಹಿತ ದಾಖಲಿಸುವುದು ಸ್ಥಳನಾಮ ಅಧ್ಯಯನದ ಮುಂದಿರುವ ತುರ್ತು ಕೆಲಸವಾಗಿದೆ.