ಆಶ್ರಯಧಾಮದಲ್ಲಿ ಸಹಜೀವನ

ಅನ್ನ, ಬಟ್ಟೆ, ಸೂರು ಇವು ಮನುಷ್ಯನ ಮೊದಲ ಅಗತ್ಯಗಳು. ಆದರೆ ಇವು ಮೂರೂ ದೊರೆತ ಮೇಲೂ ಅವನಲ್ಲಿ ಇನ್ನೊಂದು ಹಸಿವು ಉಳಿಯುತ್ತದೆ. ತನ್ನಿಂದ ನಾಲ್ಕು ಜನರಿಗೆ ಪ್ರಯೋಜನವಾಗಬೇಕು, ತನ್ನ ಮಾತಿಗೆ ಕಿವಿಗೊಡುವವರು ಇರಬೇಕು, ಒಂದು ದಿನ ತಾನು ಕಾಣದಿದ್ದರೆ ಯಾರಾದರೂ ವಿಚಾರಿಸಬೇಕು ಎಂಬುದೇ ಆ ಹಸಿವು. ಮನೆಯಲ್ಲಿ ಬಾಳುವವರಿಗೆ ಅದು ಅರಿವಿಗೆ ಬಾರದಂತೆಯೇ ತೀರುತ್ತಿರುತ್ತದೆ. ಮನೆಯನ್ನು ಬಿಟ್ಟು ಆಶ್ರಯಧಾಮದಲ್ಲಿ ಬಾಳಬೇಕಾದವರ ಸ್ಥಿತಿ ಬೇರೆ. ಅವರಿಗೆ ಅದನ್ನು ತಿಳಿದು, ಯೋಚಿಸಿ ಒದಗಿಸಬೇಕಾಗುತ್ತದೆ.

ಹರಿಹರ ತಾಲ್ಲೂಕಿನ ಮಲೆಬೆನ್ನೂರನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹರಿಹರದಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿರುವ ಈ ಊರಿನ ಸುತ್ತ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತದೆ. ಇಂತಹ ಊರುಗಳ ಬೇಸಾಯದ ಮನೆಗಳಲ್ಲಿ ಮುಪ್ಪಿಗೂ ಕೆಲಸವುಂಟು. ಒಣಹಾಕಿದ ಭತ್ತಕ್ಕೆ ಕೋಳಿಗಳು ಬಾಯಿ ಹಾಕದಂತೆ ಅಜ್ಜ ಕೋಲು ಹಿಡಿದು ಕಾಯುತ್ತಾನೆ. ಅಜ್ಜಿ ತೊಟ್ಟಿಲು ತೂಗುತ್ತಾಳೆ. ಯಾವ ಹಬ್ಬಕ್ಕೆ ಏನು ಎಡೆಯಾಗಬೇಕೆಂದು ಸೊಸೆಗೆ ತಿಳಿಸುತ್ತಾಳೆ. ಸಂಜೆಯಾದರೆ ಊರ ಕಟ್ಟೆಯ ಮೇಲೆ ಓರಗೆಯವರ ಮಾತುಕತೆ ಇದ್ದೇ ಇರುತ್ತದೆ. ಇವು ಚಿಕ್ಕ ಕೆಲಸಗಳೇ ಸರಿ; ಆದರೆ ವೃದ್ಧರನ್ನು ಮನೆಗೂ ಊರಿಗೂ ಬೆಸೆದಿರುವ ಎಳೆಗಳು ಇವೇ.

ಕಾಲ ಬದಲಾದಂತೆ ಈ ಎಳೆಗಳು ಸಡಿಲಗೊಂಡಿವೆ. ಓದು, ಉದ್ಯೋಗಗಳಿಗಾಗಿ ಮಕ್ಕಳು ದೂರದ ನಗರಗಳಿಗೆ ಹೋಗುತ್ತಾರೆ. ಕೆಲವರಿಗೆ ಮಕ್ಕಳೇ ಇರುವುದಿಲ್ಲ. ಕೆಲವರು ಇದ್ದೂ ಇಲ್ಲದಂತಾಗಿರುತ್ತಾರೆ. ಇಂತಹವರ ರಕ್ಷಣೆಗಾಗಿ ಭಾರತದ ಸಂಸತ್ತು 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ರಚಿಸಿತು. ಪ್ರತಿ ಜಿಲ್ಲೆಯಲ್ಲಿಯೂ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ಒಂದು ವೃದ್ಧಾಶ್ರಮವನ್ನಾದರೂ ಸ್ಥಾಪಿಸುವ ಅವಕಾಶವನ್ನು ಅದು ರಾಜ್ಯ ಸರ್ಕಾರಗಳಿಗೆ ಕಲ್ಪಿಸಿದೆ. ಅಂತಹ ಆಶ್ರಮಗಳಲ್ಲಿ ವೈದ್ಯಕೀಯ ಸೇವೆಯ ಜೊತೆಗೆ ಮನರಂಜನೆಯ ಸಾಧನಗಳೂ ಇರಬೇಕೆಂದು ಆ ಕಾಯಿದೆ ಹೇಳುವುದು ಗಮನಾರ್ಹ. ಬರಿಯ ಊಟ, ಔಷಧಗಳಿಂದ ಬಾಳು ತುಂಬುವುದಿಲ್ಲವೆಂಬುದನ್ನು ಕಾನೂನೂ ಒಪ್ಪಿಕೊಂಡಂತಾಯಿತು.

ಆದರೆ ಮನರಂಜನೆ ಬೇರೆ, ಸಹಜೀವನ ಬೇರೆ. ಒಂದು ದೂರದರ್ಶನ ಪೆಟ್ಟಿಗೆಯನ್ನು ತಂದಿಟ್ಟು ಅದರ ಮುಂದೆ ಇಪ್ಪತ್ತು ಜನರನ್ನು ಸಾಲಾಗಿ ಕೂರಿಸಿದರೆ ಅಲ್ಲಿ ಮನರಂಜನೆ ಇರಬಹುದು. ಆದರೆ ಪಕ್ಕದಲ್ಲಿ ಕುಳಿತವರ ಹೆಸರೂ ಊರೂ ಒಬ್ಬರಿಗೊಬ್ಬರಿಗೆ ತಿಳಿಯದಿದ್ದರೆ ಅದನ್ನು ಸಹಜೀವನವೆನ್ನಲಾಗದು. ಸಹಜೀವನಕ್ಕೆ ಎರಡು ಅಂಶಗಳು ಬೇಕು: ಪ್ರತಿಯೊಬ್ಬರಿಗೂ ಒಂದು ಹೊಣೆ, ಪ್ರತಿಯೊಬ್ಬರ ಇಷ್ಟಕ್ಕೂ ಒಂದು ಬೆಲೆ.

ಇದು ಕೇವಲ ಭಾವನೆಯ ಮಾತಲ್ಲವೆಂಬುದಕ್ಕೆ ಒಂದು ಪ್ರಯೋಗವು ಸಾಕ್ಷಿ ನೀಡುತ್ತದೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಶುಶ್ರೂಷಾಗೃಹದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ನಡೆಸಿದ ಆ ಪ್ರಯೋಗದ ಫಲಿತಾಂಶವು 1976ರಲ್ಲಿ ಪ್ರಕಟವಾಯಿತು. ಅಲ್ಲಿನ ಒಂದು ಮಹಡಿಯ ವೃದ್ಧರಿಗೆ, ಕೋಣೆಯನ್ನು ಹೇಗೆ ಜೋಡಿಸಿಕೊಳ್ಳಬೇಕು, ಸಮಯವನ್ನು ಹೇಗೆ ಕಳೆಯಬೇಕು ಎಂಬುದನ್ನು ನೀವೇ ನಿರ್ಧರಿಸಿರೆಂದು ತಿಳಿಸಲಾಯಿತು. ಬೇಕೆಂದವರು ತಾವೇ ಒಂದೊಂದು ಗಿಡವನ್ನು ಆರಿಸಿಕೊಂಡು ನೀರೆರೆದು ಸಾಕತೊಡಗಿದರು. ಇನ್ನೊಂದು ಮಹಡಿಯವರಿಗೂ ಗಿಡಗಳನ್ನು ಕೊಟ್ಟರು. ಆದರೆ ಅವುಗಳಿಗೆ ನೀರೆರೆಯುವವರು ದಾದಿಯರು. ಎಲ್ಲವನ್ನೂ ಸಿಬ್ಬಂದಿಯೇ ನೋಡಿಕೊಳ್ಳುವರೆಂದು ಅವರಿಗೆ ತಿಳಿಸಲಾಗಿತ್ತು. ಮೂರು ವಾರಗಳು ಕಳೆದಾಗ ಮೊದಲನೆಯ ಮಹಡಿಯವರು ಹೆಚ್ಚು ಚುರುಕಾಗಿ, ಹೆಚ್ಚು ಸಂತೋಷದಿಂದ ಇರುವುದು ಕಂಡುಬಂದಿತು. ಆ ಪ್ರಯೋಗದಲ್ಲಿ ಪಾಲ್ಗೊಂಡವರು ನೂರಕ್ಕಿಂತ ಕಡಿಮೆ ಜನ. ಆದುದರಿಂದ ಅದೊಂದರಿಂದಲೇ ಎಲ್ಲವೂ ಸಿದ್ಧವಾಯಿತೆನ್ನಲಾಗದು. ಆದರೂ ಅದು ತೋರಿದ ದಾರಿ ಸ್ಪಷ್ಟವಾಗಿದೆ.

ಈ ದಾರಿಯನ್ನು ಅದಕ್ಕಿಂತ ಬಹಳ ಮೊದಲೇ ಹಿಡಿದ ಆಶ್ರಯಧಾಮವೊಂದು ಕನ್ನಡ ನಾಡಿನಲ್ಲಿಯೇ ಇದೆ. ಅದು ವೃದ್ಧರದಲ್ಲ, ಅಂಧರ ಹಾಗೂ ಅನಾಥ ಮಕ್ಕಳ ನೆಲೆ. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ ಉತ್ತರಕ್ಕೆ ಸಾಗಿದರೆ ದೊರೆಯುವ ಗದಗ ಪಟ್ಟಣದ ವೀರೇಶ್ವರ ಪುಣ್ಯಾಶ್ರಮವೇ ಅದು. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟು ಕುರುಡರಾಗಿ ಜನಿಸಿದರು. ಹಾನಗಲ್ಲಿನ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತವನ್ನು ಕಲಿತರು. ತಮಗೆ ದೊರೆತ ವಿದ್ಯೆಯನ್ನು ತಮ್ಮಂತಹ ಮಕ್ಕಳಿಗೆ ಧಾರೆಯೆರೆಯುವುದೇ ಅವರ ಬಾಳಿನ ವ್ರತವಾಯಿತು. 1944ರಲ್ಲಿ ಅವರು ಕಾಲವಾದ ಮೇಲೆ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಆ ಭಾರವನ್ನು ಹೊತ್ತು, 2010ರಲ್ಲಿ ತೀರಿಕೊಳ್ಳುವವರೆಗೂ ನಡೆಸಿಕೊಂಡು ಬಂದರು.

ಆ ಆಶ್ರಮದಲ್ಲಿ ಆಶ್ರಯ ಪಡೆದವರು ಕೈಕಟ್ಟಿ ಕುಳಿತವರಲ್ಲ. ಹಾಡುವುದು, ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ವಾದ್ಯಗಳನ್ನು ನುಡಿಸುವುದು ಅಲ್ಲಿ ಹೊತ್ತು ಕಳೆಯುವ ಆಟವಾಗಿರದೆ ಬದುಕನ್ನು ಕಟ್ಟುವ ವಿದ್ಯೆಯಾಗಿತ್ತು. ಆಶ್ರಮದ ಖರ್ಚಿಗಾಗಿ ನಾಟಕ ಮಂಡಳಿಯನ್ನು ಕಟ್ಟಿ ಊರೂರು ತಿರುಗಿದುದೂ ಉಂಟು. ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳಲ್ಲಿ ಕಲಿತರು, ಎಂ. ವೆಂಕಟೇಶಕುಮಾರ್ ಅವರು ಪುಟ್ಟರಾಜ ಗವಾಯಿಗಳಲ್ಲಿ ಕಲಿತರು. ಇವರಿಬ್ಬರೂ ಹಿಂದುಸ್ತಾನಿ ಸಂಗೀತದಲ್ಲಿ ದೇಶಕ್ಕೇ ಹೆಸರಾದರು. ದಯೆಗೆ ಪಾತ್ರರೆಂದು ಲೋಕ ತಿಳಿದ ಮಕ್ಕಳ ಮನೆಯು ಹೀಗೆ ಲೋಕಕ್ಕೇ ಕೊಡುವ ಮನೆಯಾಯಿತು. ಅದನ್ನು ಕಟ್ಟಿ ನಡೆಸಿದವರೂ ಕಣ್ಣಿಲ್ಲದವರೇ ಎಂಬುದನ್ನು ಮರೆಯಬಾರದು.

ವೃದ್ಧಾಶ್ರಮದಲ್ಲಿ ಹೊಸ ಗಾಯಕರು ಸಿದ್ಧವಾಗಬೇಕಿಲ್ಲ. ಅಲ್ಲಿಯೂ ಇದೇ ತತ್ತ್ವವನ್ನು ನಿತ್ಯದ ಬಾಳಿಗೆ ಹೊಂದಿಸಬಹುದು. ಬೇಸಾಯ ಬಲ್ಲವರಿಗೆ ಹಿತ್ತಿಲಿನ ಸೊಪ್ಪಿನ ಮಡಿ, ಅಕ್ಷರ ಬಲ್ಲವರಿಗೆ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ, ಕೈ ಆಡುವವರಿಗೆ ಹೂ ಕಟ್ಟುವ ಇಲ್ಲವೆ ಅವರೆ ಬಿಡಿಸುವ ಕೆಲಸ ಒಪ್ಪಿಸಬಹುದು. ಹಾಸಿಗೆ ಹಿಡಿದವರೂ ಸೋಬಾನೆ ಪದಗಳನ್ನು, ಬೀಸುವ ಪದಗಳನ್ನು ನೆನಪಿನಿಂದ ಹೇಳಿಕೊಡಬಲ್ಲರು. ನಾಳಿನ ಅಡಿಗೆಗೆ ಜೋಳದ ರೊಟ್ಟಿಯೋ ಮುದ್ದೆಯೋ ಎಂಬುದನ್ನು ನಿವಾಸಿಗಳೇ ಕೂಡಿ ತೀರ್ಮಾನಿಸುವಂತಾದರೆ ಅದೂ ಒಂದು ಸ್ವಾತಂತ್ರ್ಯವೇ. ಇವುಗಳಲ್ಲಿ ಬಲವಂತ ಸಲ್ಲದು. ಒಂಟಿಯಾಗಿ ಕುಳಿತಿರಲು ಬಯಸುವವರ ಮೌನವನ್ನೂ ಗೌರವಿಸಬೇಕು.

ಅಪರಿಚಿತರು ಒಂದೆಡೆ ಬಾಳುವಾಗ ಜಗಳಗಳೂ ಸಹಜ. ಕಿಟಕಿಯ ಪಕ್ಕದ ಜಾಗಕ್ಕಾಗಿ, ಸ್ನಾನದ ಸರದಿಗಾಗಿ ಮಾತು ಬೆಳೆಯುತ್ತದೆ. ಜಾತಿ ಮತಗಳ ಹಳೆಯ ಗೆರೆಗಳು ಊಟದ ಪಂಕ್ತಿಯಲ್ಲಿ ಇಣುಕುವುದೂ ಉಂಟು. ಜೊತೆಗಿದ್ದವರೊಬ್ಬರು ತೀರಿಕೊಂಡ ದಿನ ಎಲ್ಲರನ್ನೂ ಭಯ ಕವಿಯುತ್ತದೆ. ಸತ್ತವರ ಹಾಸಿಗೆಯನ್ನು ಸದ್ದಿಲ್ಲದೆ ತೆಗೆದುಹಾಕಿದರೆ ಆ ಭಯ ಹೋಗುವುದಿಲ್ಲ. ಎಲ್ಲರೂ ಸೇರಿ ಅವರನ್ನು ನೆನೆದಾಗ, ತನ್ನನ್ನೂ ಹೀಗೆಯೇ ನೆನೆಯುವವರು ಇರುವರೆಂಬ ಧೈರ್ಯ ಉಳಿದವರಿಗೆ ಮೂಡುತ್ತದೆ.

ಆಶ್ರಯಧಾಮದ ಬಾಗಿಲು ಊರಿನ ಕಡೆಗೆ ತೆರೆದಿರುವುದು ಇನ್ನೊಂದು ಅಗತ್ಯ. ಹುಟ್ಟುಹಬ್ಬದ ದಿನ ಬಂದು, ಹಣ್ಣು ಹಂಚಿ, ಚಿತ್ರ ತೆಗೆಸಿಕೊಂಡು ಹೊರಟುಹೋಗುವವರು ಹಲವರು. ಅವರ ಹಣ್ಣು ಬೇಡವೆಂದಲ್ಲ; ಆದರೆ ಕೈಯೊಡ್ಡಿ ನಿಲ್ಲುವುದೊಂದೇ ನಿವಾಸಿಗಳ ಪಾಲಿನ ಕೆಲಸವಾದರೆ ಅವರ ಮನಸ್ಸು ಕುಗ್ಗುತ್ತದೆ. ಅದರ ಬದಲು ಶಾಲೆಯ ಮಕ್ಕಳು ವಾರಕ್ಕೊಮ್ಮೆ ಹೋಗಿ, ಅಲ್ಲಿನ ಹಿರಿಯರಿಂದ ಒಂದು ಒಗಟನ್ನೋ ಒಂದು ಹಾಡನ್ನೋ ಕಲಿತು ಬಂದರೆ, ಕೊಡುವವರು ಹಿರಿಯರಾಗುತ್ತಾರೆ, ಪಡೆಯುವವರು ಮಕ್ಕಳಾಗುತ್ತಾರೆ.

ದಾವಣಗೆರೆ ಸೀಮೆಯಲ್ಲಿ ಯುಗಾದಿಯ ಚಂದ್ರನನ್ನು ಕಂಡೊಡನೆ ಕಿರಿಯರು ಹಿರಿಯರ ಕಾಲಿಗೆರಗುವ ಪದ್ಧತಿಯಿದೆ. ದಸರೆಯಲ್ಲಿ ಬನ್ನಿ ಎಲೆಯನ್ನು ಹಿರಿಯರ ಕೈಗಿಟ್ಟು ನಮಸ್ಕರಿಸುವ ವಾಡಿಕೆಯಿದೆ. ಆಶೀರ್ವದಿಸಲು ಎತ್ತಿದ ಕೈಗೆ ಒಂದು ತಲೆಯೂ ಸಿಗದ ಸಂಜೆ ಎಷ್ಟು ಬರಿದಾಗಿರುತ್ತದೆಂಬುದನ್ನು ವಿದ್ಯಾರ್ಥಿಗಳು ಊಹಿಸಿಕೊಳ್ಳಬೇಕು. ಅಂತಹ ಸಂಜೆ ತಮ್ಮ ಊರಿನ ಆಶ್ರಯಧಾಮದತ್ತ ನಾಲ್ಕು ಹೆಜ್ಜೆ ನಡೆಯುವುದಕ್ಕೆ ಹಣ ಬೇಕಿಲ್ಲ, ಯಾರ ಅಪ್ಪಣೆಯ ಪತ್ರವೂ ಬೇಕಿಲ್ಲ. ಹೋಗಿ ಕೈಗೆ ಬನ್ನಿ ಕೊಟ್ಟು, ಕುಳಿತು, ಅವರ ಊರು ಯಾವುದೆಂದು ಕೇಳಿದರೆ ಸಾಕು. ಉಳಿದುದನ್ನು ಅವರೇ ಹೇಳುತ್ತಾರೆ.