ಡ್ರಿಲ್ ಸುಟ್ಟಿತು! ಕಂಪನಿ ಮಾಲೋ, ಅಗ್ಗದ ಮಾಲೋ?

ತುಮಕೂರು: ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಗಳಿಗೆ ಕೈಚೀಲದಲ್ಲಿ ಸುಟ್ಟ ಡ್ರಿಲ್ ಹಾಕಿಕೊಂಡು ಬರುವವರಿಗೇನೂ ಬರವಿಲ್ಲ. ಬಡಗಿ, ವೈರಿಂಗ್‌ನವರು, ಪ್ಲಂಬರ್, ಕಿಟಕಿ ಪರದೆ ಕೂರಿಸುವವರು, ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣಾ, ಯಾವ್ದು ತಗಳ್ಳಿ?" ಅಂಗಡಿಯವರು ಎರಡು ಡಬ್ಬ ತೆಗೆದು ಮುಂದಿಡುತ್ತಾರೆ. ಒಂದು ಹೆಸರುವಾಸಿ ಕಂಪನಿಯದು. ಇನ್ನೊಂದರ ಹೆಸರು ಹೋದ ವರ್ಷ ಇರಲಿಲ್ಲ, ಬರುವ ವರ್ಷ ಇರುತ್ತದೋ ಇಲ್ಲವೋ ದೇವರೇ ಬಲ್ಲ. ಬೆಲೆಯಲ್ಲಿ ಮಾತ್ರ ಅರ್ಧಕ್ಕೆ ಅರ್ಧ ವ್ಯತ್ಯಾಸ.

ಜೇಬು ಒಂದು ಕಡೆ ಎಳೆಯುತ್ತದೆ, ಬುದ್ಧಿ ಇನ್ನೊಂದು ಕಡೆ. ಏನು ಮಾಡಬೇಕು?

ಸತ್ತಿದೆಯೋ, ಮೂರ್ಛೆ ಹೋಗಿದೆಯೋ?

ಹೊಸದಕ್ಕೆ ದುಡ್ಡು ಎಣಿಸುವ ಮೊದಲು ಹಳೆಯದು ನಿಜವಾಗಿ ಸತ್ತಿದೆಯೇ ಎಂದು ನೋಡಬೇಕು. ಡ್ರಿಲ್ ಒಮ್ಮೆ ತಿರುಗಿ ಒಮ್ಮೆ ನಿಂತರೆ ವೈರು ಒಳಗೇ ತುಂಡಾಗಿರಬಹುದು, ಇಲ್ಲವೇ ಕಾರ್ಬನ್ ಸವೆದಿರಬಹುದು. ಕಾರ್ಬನ್ ಎಂದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಎರಡು ಪುಟ್ಟ ತುಂಡು. ಅದು ಸವೆಯಲೆಂದೇ ಇರುವ ವಸ್ತು. ಪುಡಿಗಾಸಿಗೆ ಸಿಗುತ್ತದೆ. ಎಷ್ಟೋ ಡ್ರಿಲ್‌ಗಳು ಇಷ್ಟಕ್ಕೇ ಗುಜರಿ ಸೇರುತ್ತವೆ.

ಸುಟ್ಟ ವಾಸನೆ ಬಂದು, ಒಳಗೆ ಸುತ್ತಲೂ ಕಿಡಿ ಹಾರಿದರೆ ಮಾತ್ರ ಆರ್ಮೇಚರ್ ಹೋಗಿರುವ ಲಕ್ಷಣ. ಆಗ ವೈಂಡಿಂಗ್ ಅಂಗಡಿಯಲ್ಲಿ ಖರ್ಚು ಕೇಳಿ ನೋಡಿ. ಅದು ಹೊಸದರ ಬೆಲೆಯ ಅರ್ಧ ದಾಟಿದರೆ ಹಳೆಯದಕ್ಕೆ ಕೈಮುಗಿಯುವುದೇ ಲೇಸು.

ಅಗ್ಗ ಏಕೆ ಅಗ್ಗ?

ಹೊರಗಿನಿಂದ ನೋಡಿದರೆ ಎರಡೂ ಒಂದೇ. ಪಿಸ್ತೂಲಿನ ಹಿಡಿ, ಬೆರಳಿಗೆ ಸಿಗುವ ಸ್ವಿಚ್ಚು. ಈ ರೂಪಕ್ಕೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ 1917ರಲ್ಲೇ ಪೇಟೆಂಟ್ ಪಡೆಯಿತು. ವ್ಯತ್ಯಾಸ ಇರುವುದೆಲ್ಲ ಹೊಟ್ಟೆಯೊಳಗೆ. ತಾಮ್ರದ ತಂತಿಯ ಜಾಗದಲ್ಲಿ ಅಲ್ಯೂಮಿನಿಯಂ, ಬಾಲ್ ಬೇರಿಂಗ್ ಜಾಗದಲ್ಲಿ ಬರೀ ಬುಷ್, ಗಟ್ಟಿ ಗೇರಿನ ಜಾಗದಲ್ಲಿ ಮೆತ್ತನೆ ಗೇರು, ಹೀಗೆ ಒಂದೊಂದರಲ್ಲೂ ನಾಲ್ಕಾಣೆ ಉಳಿಸಿದರೆ ಬೆಲೆ ತಾನಾಗಿ ಇಳಿಯುತ್ತದೆ. ಡಬ್ಬದ ಮೇಲೆ ವ್ಯಾಟ್ ಎಷ್ಟು ಬೇಕಾದರೂ ಬರೆಯಬಹುದು, ಕಾಗದ ಬೇಡ ಅನ್ನುವುದಿಲ್ಲವಲ್ಲ!

ಹಾಗೆಂದು ಅಗ್ಗದ್ದೆಲ್ಲ ಕಳಪೆ ಎನ್ನುವುದೂ ಅನ್ಯಾಯ. ಹಳೆಯ ಕಂಪನಿ ಮಾದರಿಯನ್ನೇ ನಕಲು ಮಾಡಿದ ಕೆಲವು ಡ್ರಿಲ್‌ಗಳಿಗೆ ಅದೇ ಕಾರ್ಬನ್, ಅದೇ ಆರ್ಮೇಚರ್ ಕೂರುವುದುಂಟು. ಅಂಥದ್ದು ಸಿಕ್ಕರೆ ರಿಪೇರಿಗೆ ಚಿಂತೆಯಿಲ್ಲ. ವರ್ಷಕ್ಕೆ ಹತ್ತು ತೂತು ಕೊರೆದು ಗಡಿಯಾರ, ಫೋಟೋ ತೂಗು ಹಾಕುವ ಮನೆಯವರಿಗೆ ದುಬಾರಿ ಡ್ರಿಲ್ ಕಪಾಟಿನ ಅಲಂಕಾರ ಅಷ್ಟೆ.

ಹೆಸರೊಂದೇ ಸಾಲದು

ಬಾಷ್ ಎಂದರೆ ಹಳಬರಿಗೆ ಇಂದಿಗೂ ಮೈಕೋ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಬೆಂಗಳೂರಿನ ಮೈಕೋದಲ್ಲಿ ದುಡಿದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ, ಹಾಗಾಗಿ ಆ ಹೆಸರಿನ ಮೇಲೆ ನಂಬಿಕೆ ಹೆಚ್ಚು. ಆದರೆ ಅದೇ ಕಂಪನಿಯ ಡ್ರಿಲ್‌ನಲ್ಲೂ ಎರಡು ಜಾತಿ ಇದೆ. ಹಸಿರು ಬಣ್ಣದ್ದು ಮನೆಬಳಕೆಗೆ, ನೀಲಿ ಬಣ್ಣದ್ದು ಕಸುಬಿನವರಿಗೆ. ದಿನವಿಡೀ ಕೊರೆಯುವವನು ಹೆಸರು ನೋಡಿ ಮನೆಬಳಕೆಯದನ್ನು ಕೊಂಡರೆ ತಪ್ಪು ಕಂಪನಿಯದ್ದಲ್ಲ.

ಆರ್‌ಸಿಸಿ ಸ್ಲ್ಯಾಬಿನ ಕೆಲಸವೇ ಹೆಚ್ಚಾದರೆ ಮಾಮೂಲಿ ಡ್ರಿಲ್ ಯಾವ ಕಂಪನಿಯದಾದರೂ ತಾಳುವುದಿಲ್ಲ. ಇಂಪ್ಯಾಕ್ಟ್ ಡ್ರಿಲ್‌ನಲ್ಲಿ ಹಲ್ಲಿನ ಬಿಲ್ಲೆಗಳು ಒಂದಕ್ಕೊಂದು ತಾಗಿ ಪೆಟ್ಟು ಹುಟ್ಟುತ್ತದೆ, ಅದು ಇಟ್ಟಿಗೆ ಗೋಡೆಗೆ ಸಾಕು. ಕಾಂಕ್ರೀಟಿಗೆ ಗಾಳಿಯ ಒತ್ತಡದಿಂದ ಬಡಿಯುವ ರೋಟರಿ ಹ್ಯಾಮರ್ ಬೇಕು. ಮೊಂಡು ಬಿಟ್ ಹಾಕಿ ಮೈಭಾರವೆಲ್ಲ ಬಿಟ್ಟು ಒತ್ತಿದರೆ ಯಾವ ಮೋಟಾರೂ ಸುಡುತ್ತದೆ. ಕೊರೆದು ಕೊರೆದು ಬಿಸಿಯಾದಾಗ ಒಂದು ನಿಮಿಷ ಖಾಲಿ ತಿರುಗಿಸಿದರೆ ಒಳಗಿನ ಫ್ಯಾನೇ ತಂಪು ಮಾಡುತ್ತದೆ.

ಬ್ಯಾಟರಿ ಡ್ರಿಲ್ ಕೊಳ್ಳುವವರಿಗೆ ಇನ್ನೊಂದು ಮಾತು. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರುವುದಿಲ್ಲ. ಡ್ರಿಲ್ ಚೆನ್ನಾಗಿದ್ದು ಬ್ಯಾಟರಿ ಸಿಗದೆ ಹೋದರೆ ಅದು ಮೊಳೆ ಹೊಡೆಯಲೂ ಬಾರದು.

ಕೂಲಿಯ ಲೆಕ್ಕ

ಅಗ್ಗದ್ದು 1,200 ರೂಪಾಯಿ, ಕಂಪನಿಯದು 3,000 ರೂಪಾಯಿ ಎಂದಿಟ್ಟುಕೊಳ್ಳಿ. ಉಳಿಕೆ 1,800. ಕೆಲಸಗಾರನ ದಿನಗೂಲಿ 900 ಎಂದಾದರೆ, ಡ್ರಿಲ್ ಕೆಟ್ಟು ಎರಡು ದಿನ ಕೆಲಸ ನಿಂತರೆ ಉಳಿಕೆಯೆಲ್ಲ ಸೊನ್ನೆ. ಬಿಡಿಭಾಗ ಹುಡುಕಿಕೊಂಡು ಬಸ್ಸು ಹತ್ತಿ 70 ಕಿಲೋಮೀಟರ್ ದೂರದ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋದರೆ ಇನ್ನೊಂದು ದಿನದ ಕೂಲಿ ಖೋತಾ. ಮನೆ ಮಾಲೀಕನ ಬೈಗುಳ ಬೇರೆ, ಅದಕ್ಕೆ ಲೆಕ್ಕವಿಲ್ಲ. ಡ್ರಿಲ್ ನಿಂತರೆ ಒಲೆಯೂ ನಿಲ್ಲುವ ಮನೆಗಳಲ್ಲಿ ಇದು ಬಣ್ಣದ ಡಬ್ಬದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ಬಿಲ್ ಬಿಡಬೇಡಿ

"ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ಕೊಡ್ತೀನಿ" ಎನ್ನುವ ಮಾತಿಗೆ ಮರುಳಾಗುವವರೇ ಜಾಸ್ತಿ. ಡ್ರಿಲ್ ಮೇಲೆ ಶೇ. 18 ಜಿಎಸ್‌ಟಿ ಇರುವುದರಿಂದ ಆಸೆ ಆಗುವುದು ಸಹಜ. ಆದರೆ ಬಿಲ್ಲಿಲ್ಲದೆ ಗ್ಯಾರಂಟಿ ಕೇಳಿದರೆ ಯಾರು ಕೊಡುತ್ತಾರೆ?

"ದುಡಿಮೆಗೆ ಕೊಂಡಿದ್ದು, ಗ್ರಾಹಕರ ಕಾನೂನು ನಮಗೆ ಬರಲ್ಲ" ಎಂಬ ತಪ್ಪು ತಿಳಿವಳಿಕೆಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಸಾಮಾನು ಕೊಂಡು ತಾನೇ ಬಳಸುವವನೂ ಗ್ರಾಹಕನೇ. ಮೊದಲು 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ. ದೂರಿಗೆ 2 ವರ್ಷದ ಗಡುವು.

ಇನ್ನು ಅಂಗಡಿಯವರಿಗೂ ಒಂದು ಮಾತು. ಗಿರಾಕಿಗೆ ಡಬ್ಬ ತೋರಿಸುವ ಮೊದಲು "ಏನು ಕೆಲಸ, ದಿನಕ್ಕೆ ಎಷ್ಟು ತೂತು?" ಎಂದು ಕೇಳಿ. ಕಾರ್ಬನ್, ಸ್ವಿಚ್ಚು ಸಿಗುವ ಮಾಲನ್ನೇ ತರಿಸಿ. ಒಮ್ಮೆ ಮೋಸಹೋದವನು ಮೊಳೆಗೂ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಒಟ್ಟಿನಲ್ಲಿ ಮನೆಯ ಗೋಡೆಗೆ ಅಗ್ಗದ್ದು ಸಾಕು, ಹೊಟ್ಟೆಪಾಡಿಗೆ ಗಟ್ಟಿಯದೇ ಬೇಕು. ತೂತು ಗೋಡೆಗೆ ಬೀಳಲಿ, ಜೇಬಿಗೆ ಬೀಳದಿರಲಿ!